ದೋಣಿ ಅಲ್ಲ, ಕಡಾಯಿ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಗಣಪತಿ ಹಬ್ಬ ಕಳೆದ ಮೇಲೆ, ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮಕ್ಕಳ ಕತೆ ಬರೆಯುವುದನ್ನು ಕಲಿಸುತ್ತೇವೆಂದು ಚಿಕ್ಕೋಡಿಗೆ ಕರೆದರು. ಮೂರು ದಿನದ ತರಬೇತಿ. ಅಥಣಿ ತಾಲೂಕಿನ ಹೊಳೆದಂಡೆಯ ನಮ್ಮ ಶಾಲೆಯಿಂದ ಒಬ್ಬರು ಹೋಗಬೇಕಿತ್ತು. ಇದ್ದವರು ಮೂವರು. ಇಬ್ಬರು ಮಾಸ್ತರರಿಗೆ ಹೊಲವಿತ್ತು, ನನಗಿರಲಿಲ್ಲ.

"ನೀವೇನ ಕಬ್ಬಿಗೆ ನೀರ ಬಿಡೂದಿಲ್ಲ, ದ್ರಾಕ್ಷಿಗೆ ಔಷಧ ಹೊಡಿಯೂದಿಲ್ಲ. ನೀವ ಹೋಗಿ ಬರ್ರಿ ಅಕ್ಕಾರ," ಎಂದರು ಹಿರಿಯ ಮಾಸ್ತರರು. ಶಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕಾರು ಅನ್ನುತ್ತಾರೆ. ಹೀಗೆ ನಾನು ಕತೆ ಬರೆಯಲು ಕಲಿತದ್ದು ಹೊಲವಿಲ್ಲದ ಕಾರಣಕ್ಕೆ.

ಹೇಳಿಕೊಡಲು ಬಂದವರು ನಿವೃತ್ತ ಗುರುಗಳೊಬ್ಬರು. ಧೋತರ, ಕರಿ ಕೋಟು, ಮೆಲುಮಾತು. ಹಲಗೆಯ ಮೇಲೆ ಚೆಂದದ ಅಕ್ಷರದಲ್ಲಿ ಪ್ರಾಣಿ, ಆಪತ್ತು, ಉಪಾಯ, ನೀತಿ ಎಂದು ಒಂದರ ಕೆಳಗೊಂದು ಬರೆದರು. ಮೊದಲ ದಿನ ಸಂಜೆಯ ಹೊತ್ತಿಗೆ ಎಲ್ಲರೂ ಒಂದೊಂದು ಕತೆ ಮುಗಿಸಿದ್ದೆವು. ಅರ್ಧಕ್ಕರ್ಧ ಕತೆಗಳಲ್ಲಿ ಸಿಂಹವಿತ್ತು. ನಿಪ್ಪಾಣಿಯಿಂದ ಅಥಣಿಯವರೆಗೆ ನಾವು ಯಾರೂ ಸಿಂಹ ಕಂಡವರಲ್ಲ. ನನ್ನ ಕತೆಯಲ್ಲಿಯೂ ಒಂದಿತ್ತು. ಅದು ಮೊಲದ ಉಪದೇಶ ಕೇಳಿ ಮಾಂಸ ಬಿಟ್ಟು ಗಜ್ಜರಿ ತಿನ್ನತೊಡಗುತ್ತಿತ್ತು.

ಗುರುಗಳು ಎಲ್ಲವನ್ನೂ ಸಮಾಧಾನದಿಂದ ಓದಿದರು. "ಚಲೋ ಬರದೀರಿ. ಆದರ ಈ ಸಿಂಹಕ್ಕ ನಿಮ್ಮೂರ ಹಾದಿ ಗೊತ್ತಿಲ್ಲ," ಎಂದರು. "ನಿಮ್ಮ ನಿಮ್ಮ ಸಾಲಿಗೆ ಹೋಗ್ರಿ. ಮಕ್ಕಳ ಬಾಯಿಂದ ಒಂದ ಕತಿ ಕೇಳಿ ಬರದ ಕಳಸ್ರಿ. ಭಾಷಾ ಮಾತ್ರ ಶುದ್ಧ ಇರಲಿ." ಬಂದ ಕತೆಗಳನ್ನು ಸೈಕ್ಲೋಸ್ಟೈಲ್ ಮಾಡಿ ಸಣ್ಣ ಪುಸ್ತಕವಾಗಿ ಹೊಲಿದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಶಾಲೆಗಳಿಗೆಲ್ಲ ಹಂಚುವುದೆಂದು ತೀರ್ಮಾನವಾಯಿತು. ಮಕ್ಕಳ ಬಾಯಿಂದ ಕೇಳಬೇಕು, ಶುದ್ಧವಾಗಿಯೂ ಇರಬೇಕು. ಇವೆರಡೂ ಜಗಳಾಡಬಹುದೆಂದು ಆಗ ನನಗೆ ಹೊಳೆಯಲಿಲ್ಲ.

ತಿರುಗಿ ಬಂದ ದಿನದಿಂದ ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತಿತು. ಮೂವತ್ತು ದಾಟಿದವಳು ನಾನು. ಬೆಳಗಿನ ರೊಟ್ಟಿ, ಏಳೂವರೆಯ ಬಸ್ಸು, ಹಾಜರಿ, ಲೆಕ್ಕ, ಶುದ್ಧಬರಹ, ಸಂಜೆಯ ಕಾಯಿಪಲ್ಲೆ, ಇಷ್ಟರಲ್ಲಿಯೇ ನನ್ನ ದಿನ ಮಡಚಿಕೊಳ್ಳುತ್ತಿತ್ತು. ಈಗ ಹಿಟ್ಟು ನಾದುತ್ತಿದ್ದವಳು ಎದ್ದುಹೋಗಿ ಕ್ಯಾಲೆಂಡರಿನ ಹಿಂದೆ ಒಂದು ಸಾಲು ಬರೆಯುವುದು, ಬಂದು ಮತ್ತೆ ನಾದುವುದು, ಮತ್ತೆ ಹೋಗಿ ಬರೆದದ್ದನ್ನು ಹೊಡೆದುಹಾಕುವುದು. ಅಥಣಿಯ ನಮ್ಮ ಮನೆಯ ಅಡುಗೆಮನೆ ಮತ್ತು ಪಡಸಾಲೆಯ ನಡುವೆ ನಾನು ನಡೆದದ್ದನ್ನು ಕೂಡಿಸಿದರೆ ಕುಡಚಿಯ ತನಕ ಆದೀತು.

"ರೊಟ್ಟಿ ಹೊತ್ತಾಕತ್ತೈತಿ ಬೇ," ಅತ್ತೆ ಕೂತಲ್ಲಿಂದಲೇ ಕೂಗುತ್ತಿದ್ದರು. "ಹಂಚಿನ ಕಡೆ ನೋಡು. ಕತಿ ಏನ ಕಟ್ಟಿ ಹಾಕದ ಎಮ್ಮಿ ಅಲ್ಲ, ಓಡಿ ಹೋಗಾಕ."

ಓಡಿ ಹೋಗಲು ಮೊದಲು ಅದು ಬರಬೇಕಿತ್ತಲ್ಲ. ನನ್ನ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಕತೆ ಹೇಳಿರೆಂದರೆ ಅವರೂ ಪಾಠದ ಪುಸ್ತಕದ ಸಿಂಹವನ್ನೇ ಕರೆತಂದರು. ಒಬ್ಬಳು ಮಾತ್ರ ಏನೂ ಹೇಳಲಿಲ್ಲ. ಅವಳು ಹೇಳುತ್ತಾಳೆಂದು ನಾನೂ ಅಂದುಕೊಂಡಿರಲಿಲ್ಲ. ಆ ಶ್ರಾವಣದಲ್ಲಿ ಹೊಳೆ ಬಂದು ಹೊಲದ ಮನೆ ಬಿದ್ದಾಗ ಆಚೆಯ ದಂಡೆಯಿಂದ ನಮ್ಮ ಶಾಲೆಯ ಊರಿನಲ್ಲಿದ್ದ ಸೋದರಮಾವನ ಮನೆಗೆ ಅಜ್ಜಿಯ ಜೊತೆ ಬಂದವಳು. ಅಲ್ಲಿಯವರೆಗೆ ಮರಾಠಿ ಶಾಲೆಯಲ್ಲಿ ಕಲಿತಿದ್ದಳು. ಮೊದಲ ವಾರ ಇರುವೆಗೆ ಮುಂಗಿ ಅಂದದ್ದಕ್ಕೆ ವರ್ಗವೆಲ್ಲ ನಕ್ಕಿತ್ತು. ಆಮೇಲೆ ದಿನಕ್ಕೊಮ್ಮೆ "ಹಾಜರ್ರಿ" ಎನ್ನುವುದನ್ನು ಬಿಟ್ಟರೆ ಅವಳ ಧ್ವನಿಯನ್ನು ನಾವು ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಬೋರಿಂಗಿನ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದೆ. ಅವಳು ಬಂದು, ನಾನು ಕೇಳದೆಯೇ ಹಿಡಿಕೆ ಒತ್ತಿ ನೀರು ಬಿಟ್ಟಳು. ಡಬ್ಬಿ ತೊಳೆದಾದ ಮೇಲೂ ಒತ್ತುತ್ತಲೇ ಇದ್ದಳು.

"ಅಕ್ಕಾರ, ನಂದೊಂದ ಐತ್ರಿ. ಕತಿ ಹೌದೋ ಅಲ್ಲೋ ಗೊತ್ತಿಲ್ರಿ."

"ಹೇಳವಾ, ಹೇಳು."

"ಹೊಳಿ ಬಂದಿತ್ರಿ. ಮನಿ ಸುತ್ತ ನೀರ. ಮಾಮಾ ಗಾಣದಾಗಿನ ಕಡಾಯಿ ತಗೊಂಡ ಬಂದ್ರು. ಅಜ್ಜಿ ಕುಂತಳು, ನಾ ಕುಂತ್ನಿ, ನಮ್ಮ ಕರೇ ಆಡ ಕುಂತು. ಆಡ ಒದರಾಕತ್ತಿತ್ತ, ಅಜ್ಜಿನೂ ಒದರಾಕತ್ತಿದ್ಳು. ಯಾರ ಜಾಸ್ತಿ ಒದರಿದ್ರು ಗೊತ್ತಾಗ್ಲಿಲ್ಲ."

ಕೃಷ್ಣೆಯ ದಂಡೆಯವರಿಗೆ ಇದು ಹೊಸದಲ್ಲ. ಕಬ್ಬಿನ ಹಾಲು ಕಾಸಿ ಬೆಲ್ಲ ಮಾಡುವ ಕಬ್ಬಿಣದ ಕಡಾಯಿ ನಾಲ್ಕೈದು ಜನ ಕೂರುವಷ್ಟು ಅಗಲವಿರುತ್ತದೆ. ಮಳೆಗಾಲದಲ್ಲಿ ಗಾಣಕ್ಕೆ ಕೆಲಸವಿಲ್ಲ. ಹೊಳೆ ಏರಿದರೆ ಅದನ್ನೇ ನೀರಿಗೆ ಬಿಟ್ಟು, ಈಜು ಬಲ್ಲ ಇಬ್ಬರು ಅಂಚು ಹಿಡಿದು ತಳ್ಳುತ್ತ ಜನರನ್ನು ದಾಟಿಸುತ್ತಾರೆ.

"ಕಡಾಯಿಗೆ ಮಾರಿ ಇಲ್ರಿ, ಬೆನ್ನ ಇಲ್ರಿ. ಅದು ತಿರಗತೈತಿ. ಒಮ್ಮೆ ನಮ್ಮ ಮನಿ ಕಾಣತಿತ್ತು, ಒಮ್ಮೆ ಈ ಊರ. ಮತ್ತ ಅದರಾಗ ಮುಂಗಿ ಇದ್ದುವ್ರಿ. ಭಾಳ. ನೀರ ಬಂತಂತ ಅವೂ ಹತ್ತಿ ಕುಂತಿದ್ವು. ಬಾಯಾಗ ಬಿಳೇ ತತ್ತಿ ಹಿಡಕೊಂಡ ಅಂಚಿನ ಮ್ಯಾಲ ಸುತ್ತಾಕತ್ತಿದ್ವು. ಸುತ್ತಿ ಸುತ್ತಿ ಇದ್ದಲ್ಲೇ ಬರತಿದ್ವು. ಇಳಿಯಾಕ ಹಾದಿನ ಇಲ್ಲ."

"ಮುಂದ?"

"ಮುಂದ ದಂಡಿ ಬಂತ್ರಿ. ನಾವ ಇಳದ್ವಿ. ಅವು..."

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಹಿಡಿಕೆ ಬಿಟ್ಟು ಓಡಿದಳು. ನನ್ನ ಸೀರೆಯ ನಿರಿಗೆಯೆಲ್ಲ ತೊಯ್ದಿತ್ತು.

ಆ ಭಾನುವಾರ ಪಡಸಾಲೆಯಲ್ಲಿ ಕೂತು ಬರೆದೆ. ಎರಡು ಸಲ ಶಾಯಿ ತುಂಬಿಸಿಕೊಂಡೆ. ಮೊದಲ ಸಾಲಿನಲ್ಲಿಯೇ ಕಡಾಯಿ ನನ್ನನ್ನು ತಡೆಯಿತು. ದೂರದ ಊರಿನ ಓದಿದ ಜನ, ಆ ಗುರುಗಳು, ಸಾಹೇಬರು, ಏನಂದಾರು? ಇವರು ಅಡುಗೆ ಪಾತ್ರೆಯಲ್ಲಿ ಕೂತು ಹೊಳೆ ದಾಟುವ ಮಂದಿಯೇ ಎಂದು ನಕ್ಕರೆ? ಕಡಾಯಿಯನ್ನು ಹೊಡೆದು ದೋಣಿ ಎಂದು ಬರೆದೆ. ದೋಣಿ ಬಂದ ಕೂಡಲೇ ಅದಕ್ಕೆ ಅಂಬಿಗ ಬೇಕಾದ, ಹುಟ್ಟು ಬೇಕಾಯಿತು. ಕರಿ ಆಡು ಬಿಳಿ ಕರುವಾಯಿತು. ಒದರುವ ಅಜ್ಜಿ ದೇವರನ್ನು ಸ್ಮರಿಸುವ ಅಜ್ಜಿಯಾದಳು. ಇರುವೆಗಳಿಂದ ಏನು ಪ್ರಯೋಜನವೆಂದು ತಿಳಿಯಲಿಲ್ಲ, ಬಿಟ್ಟೆ. ಕೊನೆಗೆ 'ನೀತಿ: ಆಪತ್ತಿನಲ್ಲಿ ಧೈರ್ಯವೇ ನಿಜವಾದ ಗೆಳೆಯ' ಎಂದು ಬರೆದು ಅಡಿಗೆರೆ ಎಳೆದೆ. ಸೋಮವಾರ ಬೆಳಿಗ್ಗೆ ಟಪಾಲಿಗೆ ಹಾಕಿಬಿಟ್ಟೆ. ನನ್ನ ಬಳಿ ಉಳಿದದ್ದು ಕಚ್ಚಾ ಪ್ರತಿ.

ಅದನ್ನು ಸಂಜೆ ಅತ್ತೆಗೆ ಓದಿ ಹೇಳಿದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹರಳು ಆರಿಸಿದರು.

"ಪಂಚಮಿಗೆ ತವರಮನಿಗೆ ನಾ ಎಷ್ಟ ಸಲ ಕಡಾಯ್ಯಾಗ ದಾಟೀನಿ," ಎಂದರು. "ನೀ ನನ್ನೂ ದೋಣ್ಯಾಗ ಕುಂದರಿಸಿಬಿಟ್ಟಿ ನೋಡು."

"ಪುಸ್ತಕದಾಗ ಹಂಗ ಬರಿಬೇಕಾಕ್ಕೈತ್ರಿ."

"ಆತು ಬಿಡವಾ. ಉಣ್ಣಾಕ ಕರದು, ಎಲಿ ಹಾಕಿ, ಕೈ ತೊಳಕೊಂಡ ಹೋಗ್ರಿ ಅಂದಂಗ ಐತಿ ನಿನ್ನ ಕತಿ."

ಮನಸ್ಸಿಗೆ ಚುಚ್ಚಿತು. ಆದರೂ ಅತ್ತೆಗೆ ಸಾಹಿತ್ಯ ಏನು ಗೊತ್ತು ಅಂದುಕೊಂಡೆ. ಮರುದಿನ ವರ್ಗದಲ್ಲಿ ಅಭಿನಯದೊಂದಿಗೆ ಓದಿದೆ. ಮಕ್ಕಳು ಕೈಕಟ್ಟಿಕೊಂಡು ಕೇಳಿದರು. ಕೈಕಟ್ಟಿಕೊಂಡು ಕೇಳುವ ಮಕ್ಕಳು ನಿಜಕ್ಕೂ ಕೇಳುತ್ತಿರುವುದಿಲ್ಲ ಎಂಬುದು ಗೊತ್ತಿದ್ದೂ ಓದಿದೆ. ಮುಗಿದಾಗ ಅವಳು ಎದ್ದು ನಿಂತಳು. ವರ್ಗದಲ್ಲಿ ತಾನಾಗಿ ಎದ್ದದ್ದು ಅದೇ ಮೊದಲು.

"ಅಕ್ಕಾರ, ನಾವ ದೋಣ್ಯಾಗ ಬಂದಿಲ್ರಿ."

"ಇರಲಿ ಬಿಡ, ಕತಿಯೊಳಗ ಹಂಗ ಇರತೈತಿ."

"ಮತ್ತ ಮುಂಗಿ ಎಲ್ಲಿ ಹೋದುವ್ರಿ?"

ಮುಂಗಿ ಎಂದದ್ದಕ್ಕೆ ಹಿಂದಿನ ಸಾಲಿನವರು ಕಿಸಕ್ಕೆಂದರು. ನಾನು ಅವರನ್ನು ಗದರಿಸಬೇಕಿತ್ತು. ಬದಲಿಗೆ, "ಅವೆಲ್ಲಾ ಕತಿಯೊಳಗ ಬರೂದಿಲ್ಲ, ಕುಂದ್ರು," ಎಂದೆ. ಅವಳು ಕೂತಳು.

ಮರುದಿನ ಹಾಜರಿ ಕರೆದಾಗ ಅವಳ ಹೆಸರಿಗೆ ಕೈ ಮಾತ್ರ ಮೇಲೆದ್ದಿತು. ಅದರ ಮರುದಿನವೂ ಕೈ. ಇದ್ದ ಒಂದು ಶಬ್ದವೂ ಹೋಗಿತ್ತು.

ದೀಪಾವಳಿಯವರೆಗಿನ ಆ ವಾರಗಳು ಹೇಗೆ ಕಳೆದವೆಂದು ಹೇಳಲಾರೆ. ಮುಂದಿನ ಬೆಂಚಿಗೆ ಕರೆದು ಕೂರಿಸಿದೆ, ಕೂತಳು. ಮನೆಯಿಂದ ಬೆಲ್ಲ ಶೇಂಗಾ ಒಯ್ದು ಕೊಟ್ಟೆ, ತಿಂದಳು. "ತಪ್ಪಾತವಾ, ಆ ಇರುವಿದ ಏನಾತು ಹೇಳು," ಎಂದೆ, ನೆಲ ನೋಡಿದಳು. ಅವಳ ಅಜ್ಜಿಯನ್ನು ಕೇಳಿದರೆ, "ಮನ್ಯಾಗ ಆಡಿನ ಜೋಡಿ ಮಾತಾಡತಾಳ್ರಿ, ನಮ್ಮ ಜೋಡಿ ಅದೂ ಇಲ್ಲ," ಎಂದಳು. ರಾತ್ರಿ ಹಾಸಿಗೆಯಲ್ಲಿ ಹೊರಳುವುದು, ಹಗಲು ಹಾಜರಿಪಟ್ಟಿ ತೆರೆಯಲು ಅಳುಕುವುದು. ಒಂದು ಮಗು ಎರಡು ತಿಂಗಳು ಕೂಡಿಟ್ಟ ಮಾತನ್ನು ತಂದು ನನ್ನ ಕೈಗೆ ಕೊಟ್ಟಿತ್ತು. ನಾನು ಅದನ್ನು ತೊಳೆದು, ಬಣ್ಣ ಬಳಿದು, ಇದು ನಿನ್ನದಲ್ಲ ಎಂದು ಅದಕ್ಕೇ ತೋರಿಸಿದ್ದೆ. ಇನ್ನು ಆ ದೋಣಿ ಪುಸ್ತಕವಾಗಿ ಊರೂರಿಗೆ ಹಂಚಿಹೋಗಿ ಅವಳ ಕಣ್ಣಿಗೆ ಬಿದ್ದರೆ, ಅವಳು ನನ್ನೆದುರು ಮತ್ತೆ ಬಾಯಿ ತೆರೆಯುವ ಮಾತೇ ಇರಲಿಲ್ಲ. ಅಚ್ಚಾಗುವ ಮೊದಲು ಕತೆಯನ್ನು ತಿರುಗಿ ತರಬೇಕು, ಇಲ್ಲವೇ ತಿದ್ದಬೇಕು.

ದೀಪಾವಳಿಯ ಸೂಟಿ ಮುಗಿದ ಮೇಲೆ ಒಂದು ದಿನದ ರಜೆ ಬರೆದುಕೊಟ್ಟು ಹೊರಟೆ. ಕಾಗವಾಡದಲ್ಲಿ ಬಸ್ಸು ಬದಲಿಸಬೇಕಿತ್ತು. ಅಂದು ಕಾರ್ತಿಕದ ಅಮಾವಾಸ್ಯೆ ಎಂಬುದನ್ನು ಅವಸರದಲ್ಲಿ ಮರೆತಿದ್ದೆ. ಯಡೂರಿನ ವೀರಭದ್ರನಿಗೆ ಹೊರಟವರಿಂದ ಬಸ್ಸು ಬಿರಿಯುತ್ತಿತ್ತು. ನಿಂತೇ ಹೋದೆ. ಮುದುಕಿಯೊಬ್ಬಳ ತೆಂಗಿನಕಾಯಿಯ ಚೀಲ ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು. "ಪುಢೇ ಸರಕಾ, ಮುಂದ ಸರೀರಿ," ಎಂದು ಕಂಡಕ್ಟರ್ ಎರಡೂ ಭಾಷೆಯಲ್ಲಿ ದಬ್ಬುತ್ತಿದ್ದ. ಸೇತುವೆಯ ಮೇಲೆ ಹೊಳೆ ಕಂಡಿತು. ಏನೂ ಆಗದವರ ಹಾಗೆ ತಗ್ಗಿನಲ್ಲಿ ಹರಿಯುತ್ತಿತ್ತು. ಬರೆಯಬೇಕಾದ ಹೊಸ ಕತೆಯನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಹೋದೆ. ಮುದುಕಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸ್ವಲ್ಪ ಸರಿದು ಜಾಗ ಕೊಟ್ಟಳು.

ಚಿಕ್ಕೋಡಿಯ ಕಚೇರಿಯಲ್ಲಿ ಸಾಹೇಬರಿರಲಿಲ್ಲ. ಇದ್ದವನು ಟೈಪಿಸ್ಟ್ ಒಬ್ಬನೇ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಬಾಯಿತುಂಬ ಎಲೆಯಡಿಕೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದುಹೋಗಿ ಉಗುಳಿ ಬಂದು, ಕಪಾಟಿನಿಂದ ಸೈಕ್ಲೋಸ್ಟೈಲಿಗೆ ಅಕ್ಷರ ಕೊರೆದ ಒಂದು ನೀಲಿ ಮೇಣದ ಹಾಳೆ ತೆಗೆದು ಬೆಳಕಿಗೆ ಹಿಡಿದ. ನನ್ನ ಕತೆಯ ಅಕ್ಷರಗಳೆಲ್ಲ ಸಣ್ಣ ಸಣ್ಣ ತೂತಾಗಿ ಹೊಳೆಯುತ್ತಿದ್ದವು.

"ನಿನ್ನೆನ ಹೊಡದ ಮುಗಿಸೀನ್ರಿ ಅಕ್ಕಾರ. ನಾಳೆ ಮಷಿನ್ನಿಗೆ ಹಾಕತೀನಿ."

"ಹೊಸಾ ಹಾಳಿ ಮ್ಯಾಲ ಹೊಡೀರಲ್ಲ."

"ಹೊಸಾ ಹಾಳಿ ಒಂದೂ ಇಲ್ರಿ. ಹೆಚ್ಚಿಗಿ ಕೊಟ್ಟಿದ್ರ ನಾನ ಒಂದ ಕತಿ ಬರದ ಸೇರಸ್ತಿದ್ನಿ."

"ಹಂಗಾರ ದೋಣಿ ಇದ್ದಲ್ಲೆಲ್ಲಾ ಕಡಾಯಿ ಮಾಡ್ರಿ."

ಅವನು ಬೆರಳಿಟ್ಟು ಎಣಿಸಿದ. "ಹನ್ನೊಂದ ಕಡೆ ಐತ್ರಿ ನಿಮ್ಮ ದೋಣಿ. ಹನ್ನೊಂದ ಕಡೆ ಮುಚ್ಚಿ ತೆರದ್ರ ಇದು ಹಾಳಿ ಅಲ್ಲ, ಜರಡಿ ಆಕ್ಕೈತಿ. ಮಸಿ ಎಲ್ಲಾ ಸೋರತೈತಿ." ನನ್ನ ಮುಖ ನೋಡಿ ಪಾಪ ಅನಿಸಿರಬೇಕು. "ಕಡೀ ಸಾಲ ಒಂದ ಬದಲ ಮಾಡಬಹುದು ನೋಡ್ರಿ. ನೀತಿ ಇದ್ದ ಜಾಗಾ. ಅದೂ ಅಷ್ಟ ಉದ್ದ ಇರಬೇಕು, ಒಂದ ಅಕ್ಷರ ಹೆಚ್ಚಾಗಬಾರದು."

ಉಗುರಿಗೆ ಹಚ್ಚುವ ಬಣ್ಣದಂಥದೊಂದು ಸಣ್ಣ ಬಾಟಲಿಯಿಂದ ಕೆಂಪು ದ್ರವವನ್ನು ಕುಂಚದಲ್ಲಿ ಎತ್ತಿ, ನನ್ನ ನೀತಿಯ ಮೇಲೆ ನಾಜೂಕಾಗಿ ಹಚ್ಚಿದ. ಧೈರ್ಯ, ಗೆಳೆಯ, ಎಲ್ಲ ಮುಚ್ಚಿಹೋದವು. "ಇದು ಆರೂತನಾ ವಿಚಾರ ಮಾಡ್ರಿ," ಎಂದು ಊದತೊಡಗಿದ.

ಬೆಂಚಿನ ಮೇಲೆ ಕೂತೆ, ಎದ್ದೆ, ಕಿಟಕಿಗೆ ಹೋಗಿ ಬಂದೆ. ಹಳೆಯ ಸುತ್ತೋಲೆಯ ಹಿಂಬದಿಯಲ್ಲಿ ಬರೆದು ಬರೆದು ಹೊಡೆದೆ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಕತೆಯೆಲ್ಲ ಉದ್ದವಾಗಿತ್ತು. ತಿರುಗುವ ಕಡಾಯಿ ಹಿಡಿಸುತ್ತಿರಲಿಲ್ಲ. ಆಡು, ಅಜ್ಜಿ, ಯಾರಿಗೂ ಜಾಗವಿರಲಿಲ್ಲ. ಕೊನೆಗೆ, ಅವಳು ವರ್ಗದಲ್ಲಿ ಎದ್ದು ನಿಂತು ಹೇಳಿದ ಎರಡೇ ಮಾತು ಉಳಿದವು. ಅವನ್ನು ಬರೆದು ಕೊಟ್ಟೆ: 'ಅದು ದೋಣಿ ಅಲ್ಲ, ಕಡಾಯಿ. ಇರುವೆಗಳೂ ಇದ್ದವು.'

ಟೈಪಿಸ್ಟ್ ಎರಡು ಸಲ ಓದಿದ. "ಇದು ಕತಿನೋ ತಪ್ಪೊಪ್ಪಿಗಿನೋ?"

"ಎರಡೂ ಅಂತ ತಿಳಕೋರಿ."

"ಇಡೀ ಪುಸ್ತಕದಾಗ ನೀತಿ ಇಲ್ಲದ್ದ ಇದೊಂದ ಆಕ್ಕೈತಿ. ಸಾಹೇಬ್ರು ಕೇಳಿದ್ರ?"

"ನಾನ ಹೇಳೀನಂತ ಹೇಳ್ರಿ."

ಕಟಕಟ ಎಂದು ಹೊಡೆದ. ಹಾಳೆ ಹೊರತೆಗೆದು ಮತ್ತೆ ಬೆಳಕಿಗೆ ಹಿಡಿದು ನೋಡಿದ. ನಾನು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದಾಗ ಹಿಂದಿನಿಂದ ಕೂಗಿದ, "ಅಕ್ಕಾರ, ಆ ಇರುವಿ ಮುಂದ ಏನಾದುವ್ರಿ?"

"ನನಗ ಗೊತ್ತಿಲ್ರಿ," ಎಂದೆ. ಹಾಗೆ ಹೇಳಿದಾಗ ವಿಚಿತ್ರವಾಗಿ ಹಗುರ ಅನಿಸಿತು. ಸಿಂಹದ ಕತೆಯಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ಅದನ್ನು ಯಾರೂ ಹೀಗೆ ಹಿಂದಿನಿಂದ ಕೂಗಿ ಕೇಳಿರಲಿಲ್ಲ.

ಸಂಕ್ರಾಂತಿಯ ಮರುವಾರ ಪುಸ್ತಕಗಳು ಬಂದವು. ಮಸಿಯ ವಾಸನೆ, ಒಂದಿಷ್ಟು ಕಡೆ ಅಕ್ಷರ ಹಬ್ಬಿ ಕೂಡಿಕೊಂಡಿದ್ದವು. ನಾನು ಏನೂ ಹೇಳದೆ ಹಂಚಿದೆ. ಅವಳು ಬೆರಳಿಟ್ಟು ಮೆಲ್ಲಗೆ ಓದುತ್ತ ಹೋದಳು. ದೋಣಿ ಬಂದಾಗೆಲ್ಲ ಬೆರಳು ನಿಲ್ಲುತ್ತಿತ್ತು. ನಾನು ಹಲಗೆ ಒರೆಸಿದ್ದನ್ನೇ ಒರೆಸುತ್ತ ನೋಡುತ್ತಿದ್ದೆ. ಕೊನೆಯ ಸಾಲಿಗೆ ಬಂದವಳು ಅಲ್ಲಿಯೇ ಬಹಳ ಹೊತ್ತು ಇದ್ದಳು. ಆಮೇಲೆ ಪಾಟೀಚೀಲದಿಂದ ಪೆನ್ಸಿಲ್ ತೆಗೆದು, ಮೊದಲ ಪುಟಕ್ಕೆ ಹೋಗಿ, ದೋಣಿಯನ್ನು ಹೊಡೆದು ಮೇಲೆ ಕಡಾಯಿ ಎಂದು ಬರೆದಳು. ಹನ್ನೊಂದೂ ಕಡೆ. ಪಕ್ಕದವಳು ಬಗ್ಗಿ ನೋಡಿ ತನ್ನದರಲ್ಲಿಯೂ ಹಾಗೆಯೇ ಮಾಡಿದಳು. ಅರ್ಧ ತಾಸಿನಲ್ಲಿ ವರ್ಗದ ಪುಸ್ತಕಗಳಲ್ಲೆಲ್ಲ ದೋಣಿ ಮುಳುಗಿತ್ತು. ಹಿಂದಿನ ಸಾಲಿನ ಕಿಲಾಡಿಯೊಬ್ಬ ಅಂಬಿಗನನ್ನೂ ಹೊಡೆದು 'ಮಾಮಾ' ಎಂದು ಬರೆದಿದ್ದ.

ಆದರೂ ಹಾಜರಿಗೆ ಕೈಯೇ ಮೇಲೆದ್ದಿತು.

ಹದಿನೈದು ದಿನದ ಮೇಲೆ ಶಾಲೆಗೆ ಒಂದು ಕಾರ್ಡು ಬಂತು. ನಿಪ್ಪಾಣಿಯ ಬೀಡಿ ಕಟ್ಟುವವರ ಓಣಿಯ ಶಾಲೆಯ ಮಕ್ಕಳದು. 'ಕಡಾಯಿಯ ಇರುವೆಗಳು ಆಮೇಲೆ ಎಲ್ಲಿ ಹೋದವು? ನಮ್ಮ ವರ್ಗದಲ್ಲಿ ಜಗಳ ನಡೆದಿದೆ. ಅರ್ಧ ಜನ ಸತ್ತವು ಎನ್ನುತ್ತಾರೆ. ಲಗೂನ ತಿಳಿಸಿರಿ.' ನಾನು ಅದನ್ನು ವರ್ಗದಲ್ಲಿ ಓದಿ ಮೇಜಿನ ಮೇಲೆ ಇಟ್ಟೆ. ಯಾರನ್ನೂ ನೋಡಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಸತ್ತಿಲ್ರಿ," ಎಂದಳು. ಆಮೇಲೆ, "ನಾ ಬರೀತೀನ್ರಿ. ನೀವ ಓದಬ್ಯಾಡ್ರಿ."

"ಏನರ ತಪ್ಪಾಗಿದ್ರ ತಿದ್ದಿ ಕೊಡತೀನಲ್ಲ."

"ಬ್ಯಾಡ್ರಿ."

ಮರುದಿನ ಹೊಸ ಕಾರ್ಡು ಒಯ್ದು ಕೊಟ್ಟೆ. ಎಡಗೈ ಅಡ್ಡ ಇಟ್ಟು, ನಾಲಿಗೆ ಕಚ್ಚಿ, ಊಟದ ಬಿಡುವು ಪೂರ್ತಿ ಬರೆದಳು. ವಿಳಾಸದ ಬದಿ ಮೇಲೆ ಮಾಡಿ ಕೊಟ್ಟಳು. ವಿಳಾಸ ನಾನು ಬರೆದೆ.

ಲಕೋಟೆಯಾದರೆ ಅಂಟಿಸಬಹುದಿತ್ತು. ಕಾರ್ಡು ತೆರೆದದ್ದು, ಟಪಾಲಿನವರು, ಓಣಿಯವರು ಯಾರು ಬೇಕಾದರೂ ಓದಬಹುದು, ನಾನೊಬ್ಬಳನ್ನು ಬಿಟ್ಟು. ಅಂದಿನ ಬಸ್ಸಿನ ಹಾದಿ ಎಷ್ಟು ಉದ್ದವಾಗಿತ್ತೆಂದರೆ! ಚೀಲದೊಳಗೆ ಕೈ ಹೋಗುವುದು, ಕಾರ್ಡಿನ ಅಂಚು ಬೆರಳಿಗೆ ತಾಗುವುದು, ಕೈ ಹೊರಗೆ ಬರುವುದು. ಅಥಣಿಯಲ್ಲಿ ಇಳಿದಾಗ ಆ ಹೊತ್ತಿನ ಟಪಾಲು ಹೋಗಿಯಾಗಿತ್ತು, ಕಾರ್ಡು ಮನೆಗೆ ಬಂತು.

"ಏನ ಬರದಾಳ?" ಅತ್ತೆ ಕೇಳಿದರು.

"ನೋಡಿಲ್ರಿ. ಓದಬ್ಯಾಡ ಅಂದಾಳ."

"ನಿನ್ನ ಚೀಲದಾಗ ಐತಿ, ನಿನಗ ಓದಾಕ ಬರತೈತಿ," ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು, "ಮತ್ತ ಹೆಂಗ ಸುಮ್ಮನ ಕುಂತಿ ಬೇ?"

ಸುಮ್ಮನೆ ಎಲ್ಲಿ ಕೂತಿದ್ದೆ? ಅಂದೂ ಒಂದು ರೊಟ್ಟಿ ಹೊತ್ತಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹಾದಿಯಲ್ಲಿ ಕೆಂಪು ಡಬ್ಬಿಯ ಬಾಯಿಗೆ ಕಾರ್ಡು ಹಿಡಿದು, ಒಂದು ಗಳಿಗೆ ನಿಂತು, ಬಿಟ್ಟೆ. ಒಳಗೆ ಬಿದ್ದ ಸಪ್ಪಳ ಕೇಳಿತು.

ಅಂದು ಹಾಜರಿಯಲ್ಲಿ ಅವಳ ಹೆಸರು ಕರೆದಾಗ ಕೈಯೂ ಏಳಲಿಲ್ಲ. ತಲೆಯೆತ್ತಿ ನೋಡಿದೆ.

"ಓದಿದ್ರ್ಯಾ ಅಕ್ಕಾರ?" ವರ್ಗದ ನಡುವೆ ಗಟ್ಟಿಯಾಗಿ ಕೇಳಿದಳು.

"ಇಲ್ಲ."

ನನ್ನ ಮುಖವನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. "ಹಾಜರ್ರಿ," ಎಂದಳು.

ಮಧ್ಯಾಹ್ನ ಬೋರಿಂಗಿನ ಹತ್ತಿರ ನನಗಿಂತ ಮೊದಲೇ ಹೋಗಿ ಹಿಡಿಕೆ ಹಿಡಿದು ನಿಂತಿದ್ದಳು. "ಇನ್ನೊಂದ ಐತ್ರಿ. ಆಡಿಂದು. ಬರಕೋಬ್ಯಾಡ್ರಿ ಮತ್ತ," ಎಂದು ನೀರು ಒತ್ತತೊಡಗಿದಳು. ನನ್ನ ಕೈಯಲ್ಲಿ ಡಬ್ಬಿ ಇತ್ತು, ಪೆನ್ನು ಮೇಜಿನ ಮೇಲೆ ಉಳಿದಿತ್ತು. ಡಬ್ಬಿ ತೊಳೆದಾದ ಮೇಲೂ ತೊಳೆಯುತ್ತ ಕೇಳಿದೆ.